ಧಣಿ ಹುಟ್ಟಿದ ಮನೆ

"ಏ ಹುಡುಗಿ, ಎತ್ತು ನಿನ್ನ ಕೊಳಕು ಕಾಲು! ದೊಡ್ಡ ಧಣಿಗಳು ಹುಟ್ಟಿದ ಜಾಗ ಅದು!"

ಎಪ್ಪತ್ತಮೂರು ವರ್ಷದ ಹುಡುಗಿ, ಫೆಬ್ರುವಾರಿ ಮನೆತನದ ತ್ರಿನಾ, ಬಗ್ಗಿ ತನ್ನ ಕಾಲು ನೋಡಿಕೊಂಡಳು. ಕಾಲ ಕೆಳಗಿದ್ದದ್ದು ಅವಳೇ ಶನಿವಾರ ಶನಿವಾರ ಕೆಂಪು ಪಾಲಿಶ್ ಉಜ್ಜಿದ ನೆಲ. ಅವಳು ಹುಟ್ಟಿದ್ದು ಅಲ್ಲೇ, ಅವಳ ಅವ್ವ ಸತ್ತದ್ದೂ ಅಲ್ಲೇ.

"ಯಾವಾಗ ಹುಟ್ಟುದ್ರು ಬುದ್ಧಿ?"

"ಸೋಮವಾರದ ಮೀಟಿಂಗ್‌ನಲ್ಲಿ ತೀರ್ಮಾನ ಆಯ್ತು," ಎಂದ ವಿಕುಸ್. ಅವನು ತೋಟದ ಮ್ಯಾನೇಜರು. ಮೊಣಕಾಲಿನವರೆಗೆ ಕಾಲುಚೀಲ, ಅದರ ಮೇಲೆ ಚಡ್ಡಿ, ಅದರ ಮೇಲೆ ಕೋಪ.

ವಿಷಯ ಇಷ್ಟೆ. ದೊಡ್ಡ ಧಣಿ ಗೀಡಿಯನ್ ಸ್ನೈಮನ್‌ನದು ದ್ರಾಕ್ಷಿತೋಟ, ಸಿಗರೇಟು ಕಾರ್ಖಾನೆ, ಬ್ಯಾಂಕು, ಅರ್ಧ ಕೇಪ್ ಟೌನು. ಇಷ್ಟೆಲ್ಲ ಬರಿಗೈಯಲ್ಲಿ ಸಂಪಾದಿಸಿದೆ ಎಂದು ಆತ ಪುಸ್ತಕ ಬರೆಸಿದ್ದ. ಪತ್ರಿಕೆಯವಳೊಬ್ಬಳು ಅದಕ್ಕೆ ಕಲ್ಲು ಹಾಕಿದಳು. ಅಪ್ಪ ಮ್ಯಾಜಿಸ್ಟ್ರೇಟು, ಮಾವ ಮಂತ್ರಿ, ಬಿಳಿಯರ ಸರ್ಕಾರದ ಗುತ್ತಿಗೆಯೆಲ್ಲ ಇವನಿಗೆ, ಕೂಲಿಯವರಿಗೆ ಮಾತ್ರ ಅಪ್ಪನ ಕಾಲದಿಂದಲೂ ಸಂಬಳದ ಬದಲು ದಿನಕ್ಕೆ ಐದು ಡಬ್ಬ ಹುಳಿ ವೈನು ಎಂದು ಬರೆದಳು. ಆ ಐದು ಡಬ್ಬ ಕುಡಿದೇ ತ್ರಿನಾಳ ಅಪ್ಪ ನಲವತ್ತಕ್ಕೆ ಗೊಟಕ್ ಎಂದಿದ್ದ.

ಈಗ ಧಣಿಗೆ ಅರ್ಜೆಂಟಾಗಿ ಒಂದಿಷ್ಟು ಬಡತನ ಬೇಕಾಗಿತ್ತು. ಅವನ ಹತ್ತಿರ ಇಲ್ಲದ್ದು ಅದೊಂದೇ. ತೋಟದಲ್ಲೆಲ್ಲ ಹುಡುಕಿ, ಒಳ್ಳೆಯ ಗಟ್ಟಿ ಬಡತನ ತ್ರಿನಾಳ ಮನೆಯಲ್ಲಿದೆ ಎಂದು ಪತ್ತೆ ಮಾಡಿದರು. ಅಲ್ಲೇ ಧಣಿಯ ಜನನವಾಯಿತು. ಮನೆ ಮ್ಯೂಸಿಯಂ ಆಗುವುದು, ಶನಿವಾರ ಮಂತ್ರಿಗಳಿಂದ ಉದ್ಘಾಟನೆ, ಭಾನುವಾರ ತ್ರಿನಾ ರೈಲುಹಳಿಯಾಚೆಯ ತಗಡಿನ ಶೆಡ್ಡಿಗೆ.

"ನಾನು ಎಲ್ಲಿಗೂ ಹೋಗಾಕಿಲ್ಲ," ಎಂದಳು ತ್ರಿನಾ.

"ಹೋಗಬೇಡ ಮಾರಾಯ್ತಿ, ದಿನಾ ಬಾ. ಬಿಳಿ ಏಪ್ರನ್ ಹಾಕ್ಕೊಂಡು ಬಾಗಿಲಲ್ಲಿ ನಿಂತು 'ಧಣಿಗಳು ಇಲ್ಲೇ ಹುಟ್ಟಿದ್ದು' ಅನ್ನು. ಸಾಕು." ಹೋಗುವಾಗ ವಿಕುಸ್ ಒಲೆ ಮುಟ್ಟಬೇಡ, ಮಂಚ ಮುಟ್ಟಬೇಡ ಎಂದ. ಕಕ್ಕಸಿನ ಬಕೆಟ್ಟನ್ನೂ ಬಿಡಲಿಲ್ಲ. "ಇದು ಅಸಲಿ ಮಾಲು, ಹೊರದೇಶದವರು ಫೋಟೊ ತೆಗೀತಾರೆ. ತೊಳೆದಿಡು." ಎಪ್ಪತ್ತಮೂರು ವರ್ಷದಲ್ಲಿ ಆ ಮನೆಗೆ ಕಕ್ಕಸು ಕಟ್ಟಿಸದೆ ಇದ್ದದ್ದು ಕೊನೆಗೂ ಧಣಿಯ ಕೆಲಸಕ್ಕೆ ಬಂತು. ಕಪಾಟಿನ ಮೇಲಿದ್ದ ಅವ್ವನ ಬೈಬಲನ್ನೂ ಅವನು ಕಂಕುಳಲ್ಲಿಟ್ಟುಕೊಂಡು ನಡೆದ.

ಶುಕ್ರವಾರ ಬೈಬಲ್ ಮೊದಲ ಹಾಳೆ ತೆರೆದುಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಕೂತು ವಾಪಸು ಬಂತು. ತ್ರಿನಾ ಕನ್ನಡಕ ಏರಿಸಿ ಬಗ್ಗಿದವಳು ಮೇಲೇಳಲೇ ಇಲ್ಲ. ಪಕ್ಕದ ಮನೆಯ ಆಪಿ ಓಡಿ ಬಂದ. ಅವಳ ಜೊತೆ ನಲವತ್ತು ವರ್ಷ ಬಳ್ಳಿ ಕತ್ತರಿಸಿದವನು.

"ಏನಾಯ್ತಕ್ಕಾ, ಸೊಂಟ ಹಿಡ್ಕತಾ?"

"ಓದ್ಲಾ ಇದ್ನ."

ಬಿಳಿಯರಿರಲಿ, ಕಂದು ಜನರಿರಲಿ, ಆ ಸೀಮೆಯಲ್ಲಿ ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಡುತ್ತಾರೆ. ಅಲ್ಲಿ ಬಿದ್ದ ಹೆಸರನ್ನು ಪಾದ್ರಿಯೂ ಅಳಿಸುವಂತಿಲ್ಲ. ವಿಕುಸ್ ಯಾರಿಂದಲೋ ಹಳೇ ಕಾಲದ ಶಾಯಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಖಾಲಿ ಇದ್ದ ಸಾಲು ತುಂಬಿಸಿದ್ದ. ಮೇಲಿನ ಸಾಲುಗಳನ್ನು ಓದುವ ಗೋಜಿಗೆ ಹೋಗಿರಲಿಲ್ಲ. ಕೂಲಿಯವರ ಕಾಗೆಕಾಲು ಅಕ್ಷರ ಓದುವ ರೂಢಿ ಅವರಿಗಿಲ್ಲ.

ಆಪಿ ಬೆರಳಿಟ್ಟು ಓದಿದ. "ದಾವಿದ್ ಮತ್ತು ಕತ್ರೀನಾ ಫೆಬ್ರುವಾರಿಯ ಮಕ್ಕಳು. ಯಾನ್, 1937. ತ್ರಿನಾ, 1940. ಸೋಫಿ, 1942. ಗೀಡಿಯನ್..." ಅವನ ಬಾಯಿ ತೆರೆದೇ ಉಳಿಯಿತು. "ಅಯ್ಯೋ ಬಡ್ಡಿಮಗಂದು! ಧಣಿ ನಿನ್ ತಮ್ಮ ಆಗೋದ್ನಲ್ಲಕ್ಕಾ!"

"ಕೊನೇ ತಮ್ಮ," ಎಂದಳು ತ್ರಿನಾ. ಅವಳಿಗೆ ಆ ರಾತ್ರಿ ಬಲು ಸೊಗಸಾದ ನಿದ್ದೆ ಬಂತು. ಬೆಳಿಗ್ಗೆ ಬಕೆಟ್ಟು ತೊಳೆಯಲಿಲ್ಲ.

ಶನಿವಾರ ಮಂತ್ರಿ ಬಂದರು, ಪಾದ್ರಿ ಬಂದರು, ಕ್ಯಾಮರಾದವರು ಬಂದರು. ಧಣಿ ಬಂದ. ಅರವತ್ತೊಂಬತ್ತು ವರ್ಷ, ನಲವತ್ತಾರು ಪ್ರಶಸ್ತಿ. ಎಷ್ಟು ಸನ್ಮಾನ ಮಾಡಿಸಿಕೊಂಡಿದ್ದನೆಂದರೆ, ಕ್ಯಾಮರಾ ಎದುರು ಯಾರು ಏನು ಚಾಚಿದರೂ ಎರಡೂ ಕೈಯಲ್ಲಿ ತಗೊಂಡು "ಈ ಗೌರವ ನನ್ನ ಕೆಲಸಗಾರರದ್ದು" ಎಂದುಬಿಡುತ್ತಿದ್ದ. ಹೋದ ವರ್ಷ ಒಬ್ಬಳು ಚೀಲದಲ್ಲಿ ಏನೋ ಹುಡುಕಲೆಂದು ತನ್ನ ಕೂಸನ್ನು ಅವನ ಕೈಗೆ ಕೊಟ್ಟಾಗಲೂ ಹಾಗೇ ಅಂದಿದ್ದನಂತೆ.

ವಿಕುಸ್ ಕಣ್ಸನ್ನೆ ಮಾಡಿದ. ಏಪ್ರನ್ ತೊಟ್ಟ ತ್ರಿನಾ ಹೊಸ್ತಿಲ ಮೇಲೆ ನಿಂತು ಗಟ್ಟಿಯಾಗಿ ಹೇಳಿದಳು:

"ಧಣಿಗಳು ಇಲ್ಲೇ ಹುಟ್ಟಿದ್ದು!"

ಚಪ್ಪಾಳೆ ಬಿತ್ತು.

"ನಮ್ಮವ್ವ ಕತ್ರೀನಾನ ಹೊಟ್ಟೇಲಿ. ಬೈಬಲ್‌ನಾಗೆ ಬರ್ದದೆ, ನೋಡ್ರಪ್ಪ."

ಪಾದ್ರಿ ಗಾಜಿನೊಳಗೆ ಬಗ್ಗಿ ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. "ದೇವರೇ... ಹೌದು, ಹಾಗೇ ಇದೆ," ಎಂದು ಬಾಯಿಂದ ಬಿದ್ದೇಹೋಯಿತು. ಮಂತ್ರಿಗಳಿಗೆ ಕೆಮ್ಮು ಬಂತು. ಕ್ಯಾಮರಾಗಳೆಲ್ಲ ಹತ್ತಿರ ನುಗ್ಗಿದವು.

"ಮುಚ್ಚೇ ಬಾಯಿ, ಹಲ್ಕಾ ಮುದುಕಿ!" ವಿಕುಸ್ ಹಲ್ಲು ಕಡಿದ. "ಅವರು ಇಲ್ಲಿ ಹುಟ್ಟೇ ಇಲ್ಲ!"

"ಹಂಗಾರೆ ಮ್ಯೂಸಿಯಂ ಯಾತಕ್ಲಾ?" ಎಂದ ಹಿಂದಿನಿಂದ ಆಪಿ. ಕೂಲಿ ಜನರೆಲ್ಲ ಗೊಳ್ಳೆಂದರು.

"ಬಯ್ಯಬ್ಯಾಡಪ್ಪ ವಿಕುಸ್, ನಮ್ ನಮ್ಮೊಳಗಿನ ಮಾತು," ಎಂದಳು ತ್ರಿನಾ. ಧಣಿಯ ಕಡೆ ತಿರುಗಿದಳು. "ಬಾರೋ ಗೀಡಿಯನ್. ಮನೆ ಎಲ್ಲ ಮಕ್ಕಳದೂ ಅಂತ ಅವ್ವ ಅಂದಿದ್ಲು. ತಮ್ಮ ಬಂದ ಅಂತ ಅಕ್ಕ ಹೊರಗೆ ಹೋದ್ರೆ ಊರು ಉಗೀತದೆ. ನಾನು ಮುಂದಿನ ಕೋಣೇಲಿ ಇರ್ತೀನಿ, ನೀನು ಹಿಂದ್ಲುದ್ರಾಗಿರು. ಆದ್ರೆ ಈ ಮನೇಲಿ ಒಂದು ಪದ್ಧತಿ ಅದೆ."

ಒಳಗೆ ಹೋಗಿ ಮಂಚದ ಕೆಳಗಿನ ಬಕೆಟ್ಟು ತಂದಳು. ಮೇಲೆ ಮುಚ್ಚಳವಿತ್ತು, ಪುಣ್ಯ. ಎರಡೂ ಕೈಯಲ್ಲಿ ಎತ್ತಿ, ತಲೆ ಬಗ್ಗಿಸಿ, ಧಣಿಯ ಮುಂದೆ ಚಾಚಿದಳು.

"ಬೆಳಗಿನ ಬಕೆಟ್ಟು ಚೆಲ್ಲಾದು ಕಿರಿಯೋರ ಕೆಲಸ. ಸೋಫಿ ಸತ್ತ ಮ್ಯಾಲೆ ಅರವತ್ತು ವರ್ಷ ನಾನೇ ಚೆಲ್ದೆ. ನೀನಿದ್ದೀಯ ಅಂತ ನಂಗೇನು ಗೊತ್ತಿತ್ತು?"

ಕ್ಯಾಮರಾಗಳು ಒಟ್ಟಿಗೆ ಮಿಂಚಿದವು. ಧಣಿಯ ಕೈಗಳು ತಾವಾಗಿಯೇ ಮುಂದೆ ಬಂದವು. ಬಕೆಟ್ಟು ಹಿಡಿದು ಆತ ನಕ್ಕ.

"ಈ ಗೌರವ," ಎಂದ, "ನನ್ನ ಕೆಲಸಗಾರರದ್ದು."

"ಅಲ್ಲ ಕಣಪ್ಪ," ಎಂದಳು ತ್ರಿನಾ. "ಇದು ನಿಂದು. ಗುಂಡಿ ಹಿತ್ತಲಾಗದೆ."

ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಮುಟ್ಟಬೇಡ ಎಂದಿದ್ದ ಒಲೆ ಹಚ್ಚಿ, ಕಾಫಿಗೆ ನೀರಿಟ್ಟಳು.