ಆರೋಗ್ಯವಂತರ ಪಟ್ಟಿ

"ಸುಳ್ ಹೇಳುಕೆ ನಾಚ್ಕಿ ಆತಿಲ್ಯಾ ನಿಮ್ಗೆ? ಇಪ್ಪತ್ತೆರಡ್ ಹೆಂಗ್ಸ್ರ್, ಒಬ್ಳ್ ಬಾಯಂಗಾರೂ ಸತ್ಯ ಇತ್ತಾ, ರಂಡಿಗಳಾ?"

ಮೇಸ್ತ್ರಿ ಕುಷ್ಟ ಗೇರುಬೀಜದ ಚೀಲದ ಮೇಲೊಂದು ಕಾಲಿಟ್ಟು ಕಿರುಚುತ್ತಿದ್ದ. ಹಟ್ಟಿಯಂಗಡಿ ರಸ್ತೆಯ ಆ ಫ್ಯಾಕ್ಟರಿಯಲ್ಲಿ ಬೀಜ ಕತ್ತರಿಸುವ ಯಂತ್ರಗಳು ಊಟದ ಗಂಟೆಗೆ ಮೊದಲೇ ನಿಂತದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಕುಷ್ಟನ ಹಿಂದೆ ಮೂಗಿಗೆ ಕರವಸ್ತ್ರ ಒತ್ತಿ ನಿಂತ ಪ್ರೊಫೆಸರು. ಅವರ ಹಿಂದೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡ ಪ್ರಣೀತಾ.

"ಎಂತ ಆಯ್ತೇ? ನಮ್ ರಕ್ತ ಹಾಳಾಯ್ತಾ?" ಪಕ್ಕದ ಯಂತ್ರದ ಸುಗುಣ ಪಿಸುಗುಟ್ಟಿದಳು.

"ಎಂಟ್ ತಿಂಗ್ಳ್ ಇಟ್ಕಂಡ್ರೆ ಭೂತಾಯಿ ಮೀನೂ ಹಾಳಾತ್ತ್," ಎಂದಳು ವನಜ.

ಎಂಟು ತಿಂಗಳ ಹಿಂದೆ ಪ್ರಣೀತಾ ಮೊದಲ ಬಾರಿ ಬಂದಾಗ ಎಲ್ಲರಿಗೂ ಅವಳು ಹಿಡಿಸಿದ್ದಳು. ಹತ್ತಿರದ ವಂಡ್ಸೆಯ ಹುಡುಗಿ. ಡಾಕ್ಟರಂತೆ, ಆದರೆ ಮದ್ದು ಕೊಡುವ ಡಾಕ್ಟರಲ್ಲವಂತೆ. ಓದಿ ಡಾಕ್ಟರಾದ ಮೇಲೂ ದೊಡ್ಡ ಪ್ರೊಫೆಸರರ ಕೈಕೆಳಗೆ ಇನ್ನೂ ಓದುತ್ತಾಳಂತೆ. "ಮದ್ವಿ ಆರೂ ಅಪ್ಪನ ಮನ್ಯಂಗೇ ಇದ್ದಾಂಗಾಯ್ತ್," ಎಂದು ಸುಗುಣ ನಕ್ಕಿದ್ದಳು. ಸಂಧಿವಾತದಲ್ಲಿ ಮೈಯನ್ನು ಕಾಯಬೇಕಾದ ಕಣಗಳೇ ಕೀಲುಗಳನ್ನು ತಿನ್ನುತ್ತವೆ, ಅದು ಯಾಕೆ ಅಂತ ರಕ್ತ ಪರೀಕ್ಷಿಸಿ ಕಂಪ್ಯೂಟರಿನಲ್ಲಿ ಹುಡುಕುವುದು ನನ್ನ ಕೆಲಸ ಎಂದು ಪ್ರಣೀತಾ ವಿವರಿಸಿದಾಗಲೂ ಸುಗುಣ ಸುಮ್ಮನಿರಲಿಲ್ಲ.

"ಕಾವ್ಲಿಗ್ ಇಟ್ಟದ್ದೇ ತಿಂತ್ ಅಂಬುಕೆ ಕಂಪ್ಯೂಟ್ರ್ ಎಂತಕೆ ಹೆಣ್ಣೆ? ನಮ್ ಕುಷ್ಟನ್ ಕಂಡ್ರ್ ಸಾಕಲೆ."

ರೋಗಿಗಳ ರಕ್ತ ಆಸ್ಪತ್ರೆಯಲ್ಲಿ ಸಿಕ್ಕಿತ್ತು. ಹೋಲಿಸಿ ನೋಡಲು ಅದೇ ವಯಸ್ಸಿನ, ಕಾಯಿಲೆ ಇಲ್ಲದ ಹೆಂಗಸರ ರಕ್ತ ಬೇಕಿತ್ತು. "ನಮ್ಮಲ್ಲಿ ಎಲ್ಲಾ ಗಟ್ಟಿಮುಟ್ಟು," ಎಂದು ಫ್ಯಾಕ್ಟರಿಯ ಒಡೆಯರು ಕೊಡುಗೈಯಿಂದ ಒಪ್ಪಿದರು. ಕೊಟ್ಟದ್ದು ಅವರ ರಕ್ತವಲ್ಲವಲ್ಲ. ಪ್ರಶ್ನೆ ಕೇಳುವ ಮೇಜಿನ ಪಕ್ಕ ಕುಷ್ಟ ಹಾಜರಿ ಪುಸ್ತಕ ಹಿಡಿದು ನಿಂತಿದ್ದ.

"ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡಿರುತ್ತವಾ? ಎಷ್ಟು ಹೊತ್ತು?"

ವನಜ ಕುಷ್ಟನ ಮುಖ ನೋಡಿದಳು. ಹಿಂದಿನ ವರ್ಷ ಜೊತೆಗೆ ಕೆಲಸ ಮಾಡುತ್ತಿದ್ದ ಚಂದನಾ ಬೆರಳು ಮಡಚಲಾಗುತ್ತಿಲ್ಲ ಎಂದದ್ದಕ್ಕೆ, "ಹಾಂಗಾರೆ ನಾಳೆಯಿಂದ ಮನ್ಯಂಗೇ ಕೂಕಂಡ್ ಬೆರಳ್ ಎಣ್ಸ್," ಎಂದು ಕಳಿಸಿದವನು ಅವನು. ಆ ದಿನದಿಂದ ಫ್ಯಾಕ್ಟರಿಯಲ್ಲಿ ಯಾರ ಕೈಯೂ ನೋಯುತ್ತಿರಲಿಲ್ಲ.

"ಎಂತದೂ ಇಲ್ಲ," ಎಂದಳು ವನಜ. ಇಪ್ಪತ್ತೆರಡು ಜನರೂ ಅದನ್ನೇ ಅಂದರು. ಎಲ್ಲರ ಹೆಸರೂ ಆರೋಗ್ಯವಂತರ ಪಟ್ಟಿಗೆ ಹೋಯಿತು. ತಲಾ ಒಂದು ಬಾಳೆಹಣ್ಣು, ಒಂದು ಬಿಸ್ಕತ್ತಿನ ಪೊಟ್ಟಣ. ಬಸ್ಸಿನಲ್ಲಿ ಮಂಗಳೂರಿನ ಆಚೆ ಹೋಗದ ವನಜಳ ರಕ್ತ ವಿಮಾನ ಹತ್ತಿತು.

ಎಂತದೂ ಇಲ್ಲದ ಆ ಕೈಗಳನ್ನು ವನಜ ದಿನಾ ಬೆಳಗಾತ ಬಿಸಿ ಗಂಜಿತೆಳಿಯಲ್ಲಿ ಅದ್ದಿ ಕೂರುತ್ತಿದ್ದಳು, ಮನೆಯಲ್ಲಿ ಬೇರೆ ಯಾರೂ ಏಳುವ ಮೊದಲು. ರವಿಕೆಯ ಹುಕ್ಕು ಹಾಕಲಾಗದೆ ಮೇಲೆ ಸೆರಗು ಬಿಗಿಯಾಗಿ ಹೊದ್ದು ಬರುತ್ತಿದ್ದಳು. ಗಂಗೊಳ್ಳಿಯ ಬೋಟಿಗೆ ಹೋಗುವ ಗಂಡ ಪಾಂಡು ಒಮ್ಮೆ ಯಾವುದೋ ಖುಷಿಯಲ್ಲಿ ಅವಳ ಕೈ ಅದುಮಿದಾಗ ಚೀರಿದ್ದಳು. ಅವನು ಬೆದರಿ ಕೈ ಬಿಟ್ಟ. ಆಮೇಲೆ ಮತ್ತೆ ಹಿಡಿಯಲಿಲ್ಲ. ತಾನು ಅವಳಿಗೆ ಬೇಡವಾಗಿದ್ದೇನೆ ಎಂದು ತಿಳಿದನೇನೋ. ಹಾಗೇ ತಿಳಿಯಲಿ ಎಂದು ಬಿಟ್ಟಿದ್ದಳು. ಕೈ ಕೆಟ್ಟ ಹೆಂಗಸು ಎನ್ನಿಸಿಕೊಳ್ಳುವುದಕ್ಕಿಂತ ಮನಸ್ಸು ಕೆಟ್ಟವಳು ಎನ್ನಿಸಿಕೊಳ್ಳುವುದು ಸುಲಭವಿತ್ತು.

ಈಗ ಪ್ರೊಫೆಸರು ಕರವಸ್ತ್ರ ಸರಿಸಿದರು.

"ಇಂಥವರ ಮಾತು ನಂಬಿ ಎರಡು ವರ್ಷದ ಕೆಲಸ ಕೊಚ್ಚೆ ಪಾಲಾಯ್ತು. ನಿನಗೆ ಕಣ್ಣಿರಲಿಲ್ಲವಾ ಪ್ರಣೀತಾ? ಮಾರ್ಚಿಗೆ ನಿನ್ನ ಕಾಂಟ್ರಾಕ್ಟು ಮುಗಿಯುತ್ತದೆ, ನೆನಪಿರಲಿ."

ಈ ಹುಡುಗಿಗೂ ಒಬ್ಬ ಕುಷ್ಟನಿದ್ದಾನೆ, ಬೂಟು ಮಾತ್ರ ಹೊಳೆಯುತ್ತದೆ ಎಂದುಕೊಂಡಳು ವನಜ.

ಕುಷ್ಟ ಕಾಗದ ಹಂಚಿದ. ನಾವು ತಪ್ಪು ಮಾಹಿತಿ ಕೊಟ್ಟಿದ್ದೇವೆ, ಸ್ವಂತ ಇಚ್ಛೆಯಿಂದ ಅಧ್ಯಯನ ಬಿಡುತ್ತಿದ್ದೇವೆ ಎಂದು ಅದರಲ್ಲಿತ್ತು. "ಬೇಗ ಹೆಬ್ಬೆಟ್ಟ್ ಒತ್ತಿ. ಸಾರಿಗ್ ಪುರ್ಸೊತ್ತಿಲ್ಲ."

"ನಮ್ ಸುಳ್ ಇವ್ರಿಗ್ ಹ್ಯಾಂಗ್ ಗೊತ್ತಾಯ್ತ್?" ವನಜ ಪ್ರಣೀತಾಳನ್ನೇ ಕೇಳಿದಳು.

ಪ್ರಣೀತಾ ಲ್ಯಾಪ್‌ಟಾಪನ್ನು ಚೀಲದ ಮೇಲಿಟ್ಟು ತೆರೆದಳು. ಪರದೆಯ ತುಂಬಾ ಚುಕ್ಕೆಗಳು. ಕೆಂಪು ರೋಗಿಗಳು, ನೀಲಿ ಆರೋಗ್ಯವಂತರು. ಅವೆರಡೂ ಬೇರೆ ಬೇರೆ ಗುಂಪಾಗಿ ಕೂರಬೇಕಿತ್ತು. ಇಲ್ಲಿ ನೀಲಿಗಳಲ್ಲಿ ಹೆಚ್ಚಿನವು ಎದ್ದು ಹೋಗಿ ಕೆಂಪಿನ ನಡುವೆ ಕೂತಿದ್ದವು.

"ನಂದ್ ಯಾವ್ದ್?"

"ಇದು. ಕೆ-ಹದಿನೇಳು."

ಕೆಂಪು ಗುಂಪಿನ ಇನ್ನೂ ಆಚೆಯ ಅಂಚಿನಲ್ಲಿ, ಆಸ್ಪತ್ರೆಯ ರೋಗಿಗಳನ್ನೂ ದಾಟಿ, ಒಂದು ನೀಲಿ ಚುಕ್ಕೆ. ವನಜ ಅದನ್ನೇ ನೋಡಿದಳು. ಗಂಡನಿಗೆ, ಹೆತ್ತ ಅಬ್ಬಿಗೆ, ಸುಗುಣಳಿಗೆ ಕೂಡ ಹೇಳದೆ ಇದ್ದದ್ದನ್ನು ಸಾಸಿವೆಯಷ್ಟಿಲ್ಲದ ಅದು ಹೇಳಿಬಿಟ್ಟಿತ್ತು. ಸಿಕ್ಕಿಬಿದ್ದ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಒಬ್ಬರಾದರೂ ನಂಬಿದರಲ್ಲ ಅನ್ನಿಸಿತು.

"ಮದ್ದ್ ಇತ್ತಾ?"

ಪ್ರಣೀತಾಳ ಪೇಟೆಯ ಕನ್ನಡ ಜಾರಿಹೋಯಿತು. "ಇತ್ತ್ ಅಕ್ಕ. ಆಸ್ಪತ್ರಿಯಂಗ್ ಸರಿಯಾಗ್ ಕಾಣ್ಸಿ ಈಗ್ಲೇ ಶುರು ಮಾಡ್ರೆ ಬೆರಳ್ ಉಳೀತ್. ತಡ ಆರೆ ಹೀಂಗೇ ಬಗ್ಗಿ ನಿಂತ್ಬಿಡ್ತ್."

"ಹಾಂಗಾರೆ ಒಂದ್ ಚೀಟಿ ಬರ್ದ್ ಕೊಡ್, ದೊಡ್ಡಾಸ್ಪತ್ರಿಗ್ ಹೋತೆ. ಮೂರ್ ಸಲ ಹೋದ್ರೂ ವಯ್ಸ್ ಆಯ್ತ್, ಎಣ್ಣಿ ಉಜ್ಜ್ ಅಂದೇಳಿ ಕಳ್ಸಿರ್. ವಯ್ಸಂಬ್ರ್, ನಲ್ವತ್ತಾರಕ್ಕೆ!"

"ಚೀಟಿಗೀಟಿ ಇಲ್ಲ," ಎಂದರು ಪ್ರೊಫೆಸರು. "ಇದು ಸಂಶೋಧನೆ, ಧರ್ಮಾಸ್ಪತ್ರೆ ಅಲ್ಲ. ನೀನಿರುವುದು ಆರೋಗ್ಯವಂತರ ಪಟ್ಟಿಯಲ್ಲಿ. ಆರೋಗ್ಯವಂತರಿಗೆ ರಿಪೋರ್ಟು ಕೊಡುವ ಕ್ರಮ ಇಲ್ಲ."

"ಹಾಂಗಾರೆ ಆ ಪಟ್ಟಿಯಿಂದ ನನ್ನ್ ಹೆಸ್ರ್ ತೆಗೀನಿ."

"ಅದಕ್ಕೇ ಹೆಬ್ಬೆಟ್ಟು ಒತ್ತು ಅಂದದ್ದು. ಒತ್ತಿದರೆ ನೀನು ಯಾವ ಪಟ್ಟಿಯಲ್ಲೂ ಇಲ್ಲ." ಅವರು ಗಡಿಯಾರ ನೋಡಿಕೊಂಡು ಕಾರಿನ ಕಡೆ ನಡೆದರು.

ಶಾಯಿಯ ಪ್ಯಾಡು ವನಜಳ ಮುಂದೆ ಬಂತು. ಗೇರುಸಿಪ್ಪೆಯ ಎಣ್ಣೆ ತಿಂದು ಅವಳ ಹೆಬ್ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಒತ್ತಿದರೂ ಬರುವುದು ಕರಿ ಮಸಿಯ ಮುದ್ದೆ. ಅವಳು ಪ್ಯಾಡನ್ನು ಮೊಣಕೈಯಿಂದ ಆಚೆ ನೂಕಿದಳು.

"ಹೆಣ್ಣೆ, ಆ ಪ್ರಶ್ನಿ ಇನ್ನೊಂದ್ ಸಲ ಕೇಣ್. ಈ ಕುಷ್ಟನ್ ಎದ್ರೇ ಕೇಣ್."

ಪ್ರಣೀತಾ ಕಾರಿನತ್ತ ನೋಡಿದಳು. ಪೆನ್ನು ತೆಗೆದಳು.

"ಬೆಳ್ಗಾತ ಎದ್ದದ್ದೇ ಬೆರಳ್ ಬಿಗೀತಾ ಅಕ್ಕ? ಎಷ್ಟ್ ಹೊತ್ತ್?"

"ಎಷ್ಟ್ ಹೊತ್ತಾ? ಬರ್ಕೊ. ಕೋಳಿ ಕೂಗಿದಲ್ಲಿಂದ ಈ ಕುಷ್ಟ ಹಾಜ್ರಿ ಕೂಗುವರಿಗೆ. ಉಚ್ಚಿ ಹೊಯ್ಕಂದ್ರೆ ಸೀರಿ ಎತ್ತುಕಾತಿಲ್ಲ. ಬರ್ಕಂಡ್ಯಾ?"

"ಉಚ್ಚಿ... ಅದ್ನೂ ಬರೂದಾ ಅಕ್ಕ?"

"ಅದ್ನೇ ಮೊದ್ಲ್ ಬರಿ."

ಸುಗುಣ ಕಿಸಕ್ಕೆಂದಳು. ನಗು ಯಂತ್ರದಿಂದ ಯಂತ್ರಕ್ಕೆ ಹೋಯಿತು. "ನಂಗ್ ತೊಳ್ಕಂಬುಕೂ ಆತಿಲ್ಲ, ಬರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕುಷ್ಟನ ಮುಖ ಕಪ್ಪಿಟ್ಟಿತು.

"ಬಾಯ್ ಮುಚ್ಚಿ, ಬೇವರ್ಸಿಗಳಾ! ಕೈ ನೋವಿದ್ದವ್ರ್ ಕೈ ಎತ್ತಿನಿ ಕಾಂಬ! ಈಗ್ಲೇ ಹೆಸ್ರ್ ಹೊಡ್ದ್ ಹಾಕ್ತೆ!"

ನಗು ನಿಂತಿತು. ಹೊರಗೆ ಪ್ರೊಫೆಸರರ ಕಾರು ಹಾರ್ನ್ ಹಾಕಿತು. ಒಮ್ಮೆ, ಮತ್ತೊಮ್ಮೆ. ಪ್ರಣೀತಾ ತಲೆ ಎತ್ತಲಿಲ್ಲ. ಹೆಬ್ಬೆಟ್ಟಿಲ್ಲದ ಆ ಕಾಗದವನ್ನೇ ಮಗುಚಿ, ಹಿಂಬದಿಯ ಬಿಳಿಯಲ್ಲಿ ವನಜಳ ಹೆಸರು ಬರೆದು, ಕಾಯಿಲೆಯ ಹೆಸರು ಬರೆದು, ಕೆಳಗೆ ತನ್ನ ಸಹಿ ಹಾಕುತ್ತಿದ್ದಳು.

ವನಜ ಕೈ ಎತ್ತಿದಳು. ಭುಜದಲ್ಲಿ ಏನೋ ಕಟಕ್ಕೆಂದಿತು. ಸುಗುಣ ಎತ್ತಿದಳು. ಆಮೇಲೆ ಹಿಂದಿನ ಸಾಲು. ಕುಷ್ಟ ಪೆನ್ನು ಹಿಡಿದುಕೊಂಡು ಎಣಿಸಲು ಹೊರಟು, ಹನ್ನೊಂದಕ್ಕೆ ನಿಲ್ಲಿಸಿದ. ಕೈಗಳು ಇನ್ನೂ ಏಳುತ್ತಲೇ ಇದ್ದವು.

ಎತ್ತಿದ ಕೈಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ವನಜಳ ತೋರುಬೆರಳಂತೂ ಅಂಗೈಯಿಂದ ಮುಂದಕ್ಕೆ ಬಾಗಿ, ಅವಳು ಬೇಡವೆಂದರೂ, ಕುಷ್ಟನನ್ನೇ ತೋರಿಸುತ್ತಿತ್ತು.