ನಡುವಿನ ಔಷಧಿ

ರೋಗಿ ಮಂಚದ ಕಬ್ಬಿಣದ ಸರಳು ಕಿತ್ತು ಅಣ್ಣನ ಮುಖಕ್ಕೆ ಬೀಸಿದಾಗ ನಾನು ಗಡಿಯಾರ ನೋಡುತ್ತಿದ್ದೆ. ಹೊಸ ಔಷಧಿಯ ಸೂಜಿ ಚುಚ್ಚಿ ಹದಿನೇಳು ನಿಮಿಷವಾಗಿತ್ತು, ಕಟ್ಟು ಬಿಚ್ಚಿ ಎರಡು. ಹದಿನೈದಕ್ಕೆ ತಣ್ಣಗಾಗುತ್ತಾನೆ, ಕಟ್ಟು ಬಿಚ್ಚಬಹುದು ಎಂದು ವರದಿ ಬರೆದವಳು ನಾನೇ. ಅದನ್ನು ಕಣ್ಣಾರೆ ನೋಡುವ ಚಪಲಕ್ಕೆ ಔಷಧಿಗಳ ಅಂಕಿಅಂಶ ತೂಗುವ ಲೆಕ್ಕದ ಕೋಣೆಯಿಂದ ಮೂರು ಮಹಡಿ ಇಳಿದು, ಕೆರಳಿದ ಮನೋರೋಗಿಗಳ ವಾರ್ಡಿಗೆ ಬಂದಿದ್ದೆ. ಅಣ್ಣ ಅಲ್ಲಿ ಹನ್ನೊಂದು ವರ್ಷದಿಂದ ನರ್ಸು.

ಸರಳು ಎಡಗಣ್ಣಿಗೆ ಬಿತ್ತು. ಅಣ್ಣ ಕುಸಿದು ಕೂತ. ರೋಗಿ ದವಡೆಗೆ ಇನ್ನೆರಡು ಬಾರಿಸಿದ. ಹಿಂದಿನಿಂದ ತಬ್ಬಿ ಹಿಡಿದ ಆಯಾಳ ಬೆರಳನ್ನು ಮೂಳೆಗೆ ಇಳಿಯುವಂತೆ ಕಚ್ಚಿದ. ನಾನು ಅವನ ಕಾಲಿಗೆ ಜೋತುಬಿದ್ದೆ, ಎದೆಗೆ ಒದೆ ತಿಂದೆ, ಬಿಡಲಿಲ್ಲ. ಕೊನೆಗೆ ನಾಲ್ವರು ಸೇರಿ ಕೆಡವಿ ಹಳೆಯ ಸೂಜಿ ಚುಚ್ಚಿದರು. ಎಂಟು ನಿಮಿಷಕ್ಕೆ ಮಲಗಿದ. ಆ ಬಡಪಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ನನ್ನ ಮೇಲೇ.

ಹೊಸ ಔಷಧಿಯನ್ನೂ ಹಳೆಯದನ್ನೂ ಯಾರೂ ಎದುರುಬದುರು ಇಟ್ಟು ನೋಡಿರಲಿಲ್ಲ. ಎರಡನ್ನೂ ಬೇರೆ ಬೇರೆ ಕಡೆ ಮೂರನೆಯದೊಂದರ ಜೊತೆ ಹೋಲಿಸಿದ್ದರು. ಹೊಸದು ಆ ನಡುವಿನದನ್ನು ಸೋಲಿಸಿತ್ತು. ನಡುವಿನದು ಹಳೆಯದಕ್ಕೆ ಸರಿಸಮ ನಿಂತಿತ್ತು. ಅಲ್ಲಿಗೆ ಹೊಸದೇ ಮೇಲು ಎಂದು ವರದಿಯಲ್ಲಿ ಲೆಕ್ಕ ಕಟ್ಟಿದ್ದೆ. ಈ ಮಾತು ನಿಲ್ಲಬೇಕಾದರೆ ಎರಡೂ ಕಡೆಯ ರೋಗಿಗಳು ಒಂದೇ ಬಗೆಯವರಾಗಿರಬೇಕು, ನಡುವಿನ ಔಷಧಿಯೂ ಒಂದೇ ಆಗಿರಬೇಕು. ‘ಪರಿಶೀಲಿಸಿದೆ’ ಎಂದು ಬರೆದಿದ್ದೆ. ನೋಡಿದ್ದು ವಯಸ್ಸು, ತೂಕ, ಔಷಧಿಯ ಹೆಸರು, ಅಷ್ಟೇ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡು ಜೀವಮಾನವಿಡೀ ನಕ್ಕವಳು, ಅವತ್ತು ನಾನೇ ಹಗ್ಗ ಹಿಡಿದು ಓಡಿದ್ದೆ.

ಮಾರನೆಯ ದಿನ ಅಣ್ಣನಿಗೆ ಎಚ್ಚರವಾಯಿತು. ಕಣ್ಣು ಉಳಿಯಲಿಲ್ಲ. ರಾತ್ರಿಯೆಲ್ಲ ಮತ್ತೆ ಓದಿದ್ದ ಆ ಲೆಕ್ಕವನ್ನು ಅವನ ಮುಂದೆ ಬಿಚ್ಚಿಟ್ಟೆ. ಬಿಗಿದ ದವಡೆಯಲ್ಲೇ ಕೇಳಿದ.

“ಆ ನಡುವಿಂದನ್ನ ಹೆಂಗೆ ಕೊಟ್ರಂತೆ?”

“ಹಳೇದರ ಜೊತೆ ನೋಡಿದ ಕಡೆ ಸೂಜಿ. ಹೊಸದರ ಜೊತೆ ನೋಡಿದ ಕಡೆ ಗುಳಿಗೆ. ಮಿಲಿಗ್ರಾಂ ಎರಡೂ ಒಂದೇ.”

ಅಣ್ಣ ನಗಲು ಹೋಗಿ ನೋವಿಗೆ ನಿಲ್ಲಿಸಿದ. “ಬಾಯಿ ತೆಗಿ ಅಂದ್ರೆ ತೆಗೆದು, ಗುಳಿಗೆ ನುಂಗಿ, ಮೇಲೊಂದು ಲೋಟ ನೀರು ಕುಡಿಯೋನು ಸರಳು ಕೀಳ್ತಾನೇನೆ? ಅವರು ನಮ್ ವಾರ್ಡಿನ ಜನಾನೇ ಅಲ್ಲ ಕಣೆ, ಪೆದ್ದಿ.”

ಮೊದಲೇ ಒಂದು ಮಾತು ಕೇಳಿದ್ದರೆ ಇದನ್ನೇ ಹೇಳುತ್ತಿದ್ದ. ಪ್ರತಿದಿನ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬರುತ್ತಿದ್ದೆವು.

ನನ್ನ ವರದಿ ಇನ್ನೂ ಆರು ಆಸ್ಪತ್ರೆಗಳಿಗೆ ಹೋಗಿತ್ತು. ಮೇಲಿನವರ ಅಪ್ಪಣೆ ಕಾಯದೆ ವರಾಂಡದಿಂದಲೇ ಫೋನು ಹಚ್ಚಿದೆ. ಐವರು ಔಷಧಿ ನಿಲ್ಲಿಸುತ್ತೇವೆ ಅಂದರು. ಒಬ್ಬರು ಬೈದೇ ಅಂದರು, ಬೈಸಿಕೊಂಡೆ. ಆರನೆಯ ಕಡೆ ಒಬ್ಬ ನರ್ಸು ಏದುಸಿರು ಬಿಡುತ್ತಾ ಎತ್ತಿದಳು.

“ಬೇಗ ಹೇಳಿ, ಒಬ್ಬ ರೋಗೀನ ಕೆಡವಿ ಕಟ್ಟಿದೀವಿ, ಅಲ್ಲಿಂದ ಓಡಿ ಬಂದೆ.”

“ಹೊಸ ಸೂಜಿ ಕೊಡಬೇಡಿ. ವರದಿ ತಪ್ಪು. ಬರೆದವಳು ನಾನೇ.”

“ಅಯ್ಯೋ, ಕೊಟ್ಟಾಯ್ತಲ್ಲ. ಹದಿನೈದು ನಿಮಿಷಾನೂ ಆಯ್ತು. ನಮ್ಮವರು ಕಟ್ಟು ಬಿಚ್ತಾ ಇದಾರೆ.”

“ಬಿಚ್ಚಬೇಡಿ ಅನ್ನಿ. ಓಡಿ.”

ಅವಳು ಫೋನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದಳು. ಚಪ್ಪಲಿಯ ಸದ್ದು ದೂರವಾಯಿತು. ಏನೋ ಕಬ್ಬಿಣದ್ದು ನೆಲಕ್ಕೆ ಬಿತ್ತು. ಆಮೇಲೆ ಒಂದು ಗಂಡು ದನಿ ಅಮ್ಮಾ ಅಂತು, ಮತ್ತೆ ಅನ್ನಲಿಲ್ಲ.