ಫೋನ್ ನಂಬರಿಲ್ಲದ ವೆಬ್‌ಸೈಟ್

ಟ್ಯೂನಿಸ್‌ನ ದೊಡ್ಡ ಕಂಪನಿಗಳಿಗೆ ಈಗ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮೀಟಿಂಗಿನಲ್ಲಿ ಒಂದೊಂದು ವಿಭಾಗದವರೂ ತಮ್ಮದೇ ಮೇಲೆ ಬರಬೇಕೆಂದು ಹಟ ಹಿಡಿದಾಗ ನನ್ನ ಜೊತೆಯವರು ಸಿಡಿಮಿಡಿಗೊಳ್ಳುತ್ತಾರೆ. ನನಗೆ ಸಿಟ್ಟು ಬರುವುದಿಲ್ಲ. ನನ್ನೂರು ನಾಬುಲ್ ನೆನಪಾಗುತ್ತದೆ, ಹಸಿ ಜೇಡಿಮಣ್ಣಿನ ವಾಸನೆಯ ಸಮೇತ.

ಆಗ ಓದು ಮುಗಿಸಿ ಊರಿಗೆ ಬಂದಿದ್ದೆ. ಫೋಟೋ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆ. ವೆಬ್‌ಸೈಟ್ ಅಂದರೇನೆಂದು ಊರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆದರೂ ಪಕ್ಕದವನಿಗೆ ಇದೆ ಅಂದರೆ ತನಗೂ ಬೇಕು. ಹಾಗೆ ಬಂದವರು ಮೊಂಜಿ ಗರ್ಸಲ್ಲಿ. ತಂದೆ ಕಟ್ಟಿದ ಕುಂಬಾರಿಕೆಯ ಕಾರ್ಖಾನೆಯನ್ನು ಅವರೂ ಅವರ ತಮ್ಮ ತಿಜಾನಿಯೂ ನಡೆಸುತ್ತಿದ್ದರು. ಬಣ್ಣದ ತಟ್ಟೆ, ಬೋಗುಣಿ, ಗೋಡೆಗೆ ಹಾಕುವ ಟೈಲ್ಸ್.

ನಾನು ಮಾಡಿದ ಮೊದಲ ಪುಟದ ಮೇಲೆ ನನಗೇ ಮೋಹ. ಬಿಳಿಯ ಹಿನ್ನೆಲೆ, ನಡುವೆ ಹಸಿರು-ಹಳದಿಯ ಒಂದೇ ತಟ್ಟೆ, ಕೆಳಗೆ ಫೋನ್ ನಂಬರು. ಮೊಂಜಿ ತುಂಬ ಹೊತ್ತು ನೋಡಿದರು.

"ಇಷ್ಟೇನಾ ಮಗಳೇ? ದಿವಾಳಿ ಎದ್ದವನ ಅಂಗಡಿ ಥರ ಇದೆಯಲ್ಲ."

ಅವರ ಮಾತಲ್ಲಿ ತಪ್ಪಿರಲಿಲ್ಲ. ನಮ್ಮೂರಿನ ಅಂಗಡಿಗಳಲ್ಲಿ ಗೋಡೆ, ಬಾಗಿಲು, ಕಾಲುದಾರಿ ಎಲ್ಲ ಕಡೆ ಸಾಮಾನೇ. ಖಾಲಿ ಜಾಗ ಕಂಡರೆ ಜನ ಒಳಗೆ ಕಾಲಿಡುವುದಿಲ್ಲ.

"ಚಿಕ್ಕಪ್ಪ, ಕೊಳ್ಳೋನಿಗೆ ಸಾಮಾನು ಕಾಣ್ಬೇಕು, ಬೆಲೆ ಕಾಣ್ಬೇಕು, ನಂಬರು ಕಾಣ್ಬೇಕು. ಅಷ್ಟು ಸಾಕು."

"ಬಾಗಿಲಲ್ಲೇ ನಿಂತು ರೇಟು ಕೇಳೋನು ಎಂಥ ಗಿರಾಕಿ? ಮೊದ್ಲು ಬಂದು ಕೂರ್ಲಿ, ಟೀ ಕುಡೀಲಿ. ನಮ್ಮಪ್ಪ ಯಾರು, ಅಜ್ಜ ಯಾರು ಅಂತ ತಿಳೀಲಿ."

ಅಪ್ಪ, ಅಜ್ಜ ಇಬ್ಬರೂ ಪುಟವೇರಿದರು. ಅವರ ಕೆಳಗೆ ಮೊಂಜಿ ತಂದಿದ್ದ ಹೊಸ ಗ್ಯಾಸ್ ಭಟ್ಟಿಯ ಚಿತ್ರ.

ಮರುದಿನ ತಿಜಾನಿ ಬಂದರು. ಆ ಗ್ಯಾಸ್ ಭಟ್ಟಿ ಬಂದಾಗಿನಿಂದ ಅಣ್ಣತಮ್ಮಂದಿರಲ್ಲಿ ಮಾತಿರಲಿಲ್ಲ. ಆಲಿವ್ ಸೌದೆಯ ಹಳೆಯ ಭಟ್ಟಿಯನ್ನು ತಿಜಾನಿ ಬಿಟ್ಟಿರಲಿಲ್ಲ. ಹೇಳುವುದೇನಿದ್ದರೂ ಅಕ್ಕ ಜುಬೈದಾಳ ಮೂಲಕವೇ.

"ಅವನ ಭಟ್ಟಿ ಇದೆ, ನಂದೆಲ್ಲಿ?" ಎಂದರು. "ಬೆಂಕಿ ಉರೀತಿರೋ ಹಾಗೆ ಕಾಣ್ಬೇಕು."

ಬಲಗಡೆ ಉರಿಯುವ ಬೆಂಕಿ ಹಾಕಿದೆ. ಅದನ್ನು ಕಂಡ ಮೊಂಜಿಗೆ ಎಡಗಡೆಯೂ ಉರಿಯಬೇಕಾಯಿತು. ತಿಜಾನಿ ಜೇಬಿನಿಂದ ಸ್ಕೇಲು ತೆಗೆದು ಪರದೆಯ ಮೇಲಿಟ್ಟು ಎರಡು ಜ್ವಾಲೆಗಳನ್ನೂ ಅಳೆದರು. ಜುಬೈದತ್ತೆ ಬಂದು ತಾಯಿಯ ಫೋಟೋ ಕೊಟ್ಟಳು. ಜೊತೆಗೆ ಮದುವೆಮನೆಯ ದರ್ಬೂಕಾ ಡೋಲಿನ ತಾಳವೂ ಕೇಳಿಸಬೇಕಂತೆ.

ಕೊನೆಗೆ ಫೋನ್ ನಂಬರಿನ ಸರದಿ. ಕಾರ್ಖಾನೆಯಲ್ಲಿ ಎರಡು ಫೋನು, ಅಣ್ಣನ ಮೇಜಿನ ಮೇಲೊಂದು, ತಮ್ಮನ ಭಟ್ಟಿಯ ಹತ್ತಿರ ಇನ್ನೊಂದು. ಎರಡನ್ನೂ ಹಾಕೋಣವೆಂದರೆ ಯಾವುದು ಮೇಲೆ, ಯಾವುದು ಕೆಳಗೆ? ಅಕ್ಕಪಕ್ಕ ಇಟ್ಟರೆ ಯಾವುದು ಮೊದಲು? ಯಾರೂ ಸೋಲಲಿಲ್ಲ. ನಂಬರೇ ಇಲ್ಲದೆ ಪುಟ ಮುಗಿಯಿತು. ನಾನೂ ಸುಸ್ತಾಗಿದ್ದೆ.

ಉದ್ಘಾಟನೆಯ ದಿನ ಎಲ್ಲರೂ ನನ್ನ ಕೋಣೆಗೆ ಬಂದರು. ಇದ್ದದ್ದು ಒಂದೇ ಬೆಂಚು, ಅಣ್ಣತಮ್ಮಂದಿರು ಅದರ ಎರಡು ತುದಿಯಲ್ಲಿ ಕೂತರು. ಆಗಿನ ಇಂಟರ್ನೆಟ್ ಫೋನಿನ ತಂತಿಯಲ್ಲಿ ಕಿರುಗುಟ್ಟಿಕೊಂಡು ಬರುತ್ತಿತ್ತು. ಚಿತ್ರಗಳು ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿದ್ದವು. ತಾಯಿಯ ತಲೆವಸ್ತ್ರ ಬಂತು, ಹಣೆ ಬಂತು. ಕಣ್ಣು ಬಂತು, ಕಿವಿ ಬಂತು.

ತಿಜಾನಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, "ಅಮ್ಮನ ಓಲೆ ಯಾವ ಕಡೇದು ಮುರಿದಿತ್ತು?"

ಯಾರನ್ನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಮೊಂಜಿಗೆ ತಿಳಿಯಿತು.

"ಎಡಗಡೇದು. ಎಳೆದು ಮುರಿದವನು ನೀನೇ."

"ಮೊಲೆ ಕುಡಿಯೋ ಮಗು ನಾನು. ಅದಕ್ಕೂ ನನ್ನ ಮೇಲೇ ಕೇಸಾ?"

ಜುಬೈದತ್ತೆ ತಲೆವಸ್ತ್ರದ ಅಂಚಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ. ಇಷ್ಟು ಹೊತ್ತಿಗೆ ಎರಡು ಬೆಂಕಿಗಳೂ ಇಳಿದು ಬಂದು ಅತ್ತಿತ್ತ ಉರಿಯತೊಡಗಿದವು. ಅದಕ್ಕಿಂತ ಕುರೂಪವಾದ ಪುಟವನ್ನು ನಾನು ಮತ್ತೆಂದೂ ಮಾಡಿಲ್ಲ.

ಬೇಸಗೆಯಲ್ಲಿ ಪಕ್ಕದೂರು ಹಮ್ಮಾಮೆತ್‌ನ ಹೋಟೆಲಿನವರೊಬ್ಬರು ಅಣ್ಣತಮ್ಮಂದಿರ ಅಂಗಡಿಗೆ ಬಂದರು. ಹೋಟೆಲಿನ ಬಚ್ಚಲುಗಳಿಗೆಲ್ಲ ಟೈಲ್ಸ್ ಬೇಕೆಂದು ನಮ್ಮ ಪುಟದಲ್ಲಿ ನಂಬರು ಹುಡುಕಿ ಸಾಕಾಗಿ, ಎದುರು ಬೀದಿಯ ಕುಂಬಾರರಿಗೆ ಆರ್ಡರ್ ಕೊಟ್ಟಿದ್ದರಂತೆ. ಆ ಸರಕು ನೋಡಲು ಬಂದವರು ಇಲ್ಲಿಗೂ ಹೊಕ್ಕು ಟೀ ಹೀರುತ್ತಾ ತಮಾಷೆಯಾಗಿಯೇ ಹೇಳಿದರು. ಅವರು ಹೋದ ಮೇಲೆ ಅಣ್ಣತಮ್ಮಂದಿರು ನನಗೆ ಹೇಳಿಕಳಿಸಿದರು.

"ಅಣ್ಣನ ನಂಬರು ಹಾಕಮ್ಮ," ಎಂದರು ತಿಜಾನಿ.

"ಬೇಡ, ಅವನದ್ದೇ ಹಾಕು. ಟೈಲ್ಸ್ ಬಗ್ಗೆ ಅವನಿಗೇ ಚೆನ್ನಾಗಿ ಗೊತ್ತು."

"ಮಾತಾಡೋಕೆ ಬರೋದು ನಿನಗೆ. ನನ್ಯಾಕೆ ಸಿಕ್ಕಿಸ್ತೀಯಾ?"

ಜಗಳ ತಿರುಗುಮುರುಗಾಗಿ ಮತ್ತೆ ಶುರುವಾಯಿತು. ಬಟಾಣಿ ಬಿಡಿಸುತ್ತಿದ್ದ ಜುಬೈದತ್ತೆ ತಲೆಯೆತ್ತಿದಳು.

"ಸಾಕು ನಿಲ್ಲಿಸ್ರೋ. ನನ್ನ ಮನೇದು ಹಾಕು ರೌದಾ," ಎಂದಳು ನನಗೆ.

ಅಂದಿನಿಂದ ಕಾರ್ಖಾನೆಯ ಫೋನೆಲ್ಲ ಅವಳ ಅಡುಗೆಮನೆಗೇ ಬಂತು. ಕರೆ ಮಾಡಿದವರ ಊರು ಯಾವುದು, ಮಗಳ ಮದುವೆ ಆಯಿತೇ ಎಂದು ವಿಚಾರಿಸದೆ ಅವಳು ಟೈಲ್ಸಿನ ಮಾತಿಗೆ ಬರುತ್ತಿರಲಿಲ್ಲ. ಬಂದ ಆರ್ಡರನ್ನು ತಮ್ಮಂದಿರಿಗೆ ಬೇರೆಬೇರೆಯಾಗಿ ಹೇಳಲೂ ಒಪ್ಪಲಿಲ್ಲ. ಮಧ್ಯಾಹ್ನ ಇಬ್ಬರೂ ಅಲ್ಲಿಗೇ ಬರಬೇಕಾಯಿತು.

ಆ ಇಬ್ಬರೂ ಈಗಿಲ್ಲ, ಆ ಪುಟವೂ ಇಲ್ಲ. ಆಗಿನ ಒಂದು ಶುಕ್ರವಾರ ನಾನೂ ಅವರೊಂದಿಗೆ ಊಟಕ್ಕೆ ಕೂತಿದ್ದೆ. ಎಲ್ಲರೂ ಉಣ್ಣುವ ಒಂದೇ ದೊಡ್ಡ ತಟ್ಟೆಯ ತುಂಬ ಗೋಧಿರವೆಯ ಕುಸ್ಕುಸ್, ಮೇಲೆ ಕುರಿಮಾಂಸ. ಅತ್ತೆ ಆರ್ಡರ್ ಹೇಳುತ್ತಾ ಹೋದಳು. ತಿಜಾನಿ ಕೇಳುತ್ತಾ ಕೇಳುತ್ತಾ ಒಳ್ಳೆಯ ತುಂಡೊಂದನ್ನು ಬೆರಳಿನಿಂದ ಅಣ್ಣನ ಕಡೆಗೆ ಸರಿಸಿದರು. ಮೊಂಜಿ ಅತ್ತ ನೋಡದೆ ಅದನ್ನೆತ್ತಿ ಬಾಯಿಗಿಟ್ಟುಕೊಂಡು, "ಹಸಿರು ಬಣ್ಣದ್ದು ಎಷ್ಟು ಬೇಕಂತೆ?" ಎಂದು ಕೇಳಿದರು.